ತಿಳಿಬಣ್ಣದ ಆಕಿ ಉಡ: ಕಾವಿನ ಬಣ್ಣವಲ್ಲ, ರಕ್ತದಲ್ಲಿ ಬಂದ ಬಣ್ಣ

ಕಪ್ಪು ಬಲೆಗೆರೆ ಹೆಚ್ಚುಕಡಿಮೆ ಮಾಯವಾಗಿ ಮೈಯೆಲ್ಲ ತಿಳಿ ಕಿತ್ತಳೆಯಾಗಿದ್ದ ನನ್ನ ಹೆಣ್ಣು ಆಕಿಯನ್ನು (ಆಸ್ಟ್ರೇಲಿಯಾದ ಮುಳ್ಳುಬಾಲದ ಸಣ್ಣ ಉಡ) ನೋಡಿದವರೆಲ್ಲ ಒಂದೇ ಮಾತು ಹೇಳಿದರು: ಮೊಟ್ಟೆಗೆ ಕಾವು ಹೆಚ್ಚಾಗಿದೆ, ಇದು ಮಾರ್ಫ್ (ವಂಶದಲ್ಲಿ ಇಳಿಯುವ ಬಣ್ಣಭೇದ) ಅಲ್ಲ, ಮರಿಗಳಿಗೆ ಇಳಿಯುವುದಿಲ್ಲ. ಇಳಿಯಿತು. ಅದನ್ನು ಸಾಬೀತು ಮಾಡಲು ಮೂರು ವರ್ಷ ದಾಟಿತು.

ಮೊದಲು ಅದಕ್ಕೆ ಸಂಬಂಧವೇ ಇಲ್ಲದ ಕಡುಕೆಂಪು ಗಂಡು ಹಾಕಿದೆ. ಎರಡು ಕಂತಿನಲ್ಲಿ (ಒಂದು ಸಲಕ್ಕೆ ಇಡುವ ಮೊಟ್ಟೆಗಳೆಲ್ಲ ಸೇರಿ ಒಂದು ಕಂತು) ಸುಮಾರು 15 ಮರಿ, ಎಲ್ಲವೂ ಮಾಮೂಲು ಬಣ್ಣದವು. ಹೆಚ್ಚಿನವರು ಕೈಬಿಡುವುದು ಇಲ್ಲೇ. ಆದರೆ ಒಂದು ಮರಿಯೂ ನಡುಬಣ್ಣಕ್ಕೆ ಬಾರದೆ ಎಲ್ಲವೂ ಪೂರ್ತಿ ಮಾಮೂಲು ಆಗಿದ್ದದ್ದು ಒಳ್ಳೆಯ ಸೂಚನೆ. ರಿಸೆಸಿವ್ (ತಾಯಿ, ತಂದೆ ಇಬ್ಬರಿಂದಲೂ ಬಂದರೆ ಮಾತ್ರ ಹೊರಗೆ ಕಾಣುವ ಗುಣ) ಆಗಿದ್ದರೆ ಹೀಗೇ ಇರಬೇಕು. ಅವುಗಳಲ್ಲಿ ದಷ್ಟಪುಷ್ಟವಾದ ಒಂದು ಗಂಡನ್ನು ಒಂದೂವರೆ ವರ್ಷ ಬೆಳೆಸಿ ತಾಯಿಗೇ ಹಾಕಿದೆ. ಮೂರು ಕಂತು, 27ರ ಆಸುಪಾಸು ಮೊಟ್ಟೆ, ಒಡೆದದ್ದು 18, ತಿಳಿಬಣ್ಣದವು 8. ಲೆಕ್ಕಕ್ಕೆ ಅರ್ಧ ಬರಬೇಕು, ಹತ್ತಿರ ಹತ್ತಿರ ಬಂತು.

ಕಾವಿನ ವಾದಕ್ಕೆ ಬೇರೆಯೇ ಉತ್ತರ ಬೇಕಿತ್ತು. ಆ ಮೂರರಲ್ಲಿ ಒಂದು ಕಂತನ್ನು ಎರಡು ಪಾಲು ಮಾಡಿ, ಒಂದನ್ನು 28 ಡಿಗ್ರಿಯಲ್ಲಿ, ಇನ್ನೊಂದನ್ನು 30.5ರಲ್ಲಿ ಇಟ್ಟೆ. ತಂಪಿನ ಪಾಲು ಸುಮಾರು ಮೂರು ವಾರ ತಡವಾಗಿ ಒಡೆಯಿತು. ಮರಿಗಳು ತುಸು ಕಪ್ಪಗಿದ್ದವು, ತುಸು ದಪ್ಪಗೂ ಇದ್ದವು. ನಾಲ್ಕನೇ ಪೊರೆ ಕಳಚುವಷ್ಟರಲ್ಲಿ ಆ ವ್ಯತ್ಯಾಸ ಅಳಿಸಿಹೋಯಿತು. ತಿಳಿಮರಿಗಳು ಮಾತ್ರ ಎರಡೂ ಪಾಲಿನಲ್ಲಿ ಇದ್ದವು, ತಿಳಿಯಾಗಿಯೇ ಉಳಿದವು. ಮೇವಿನ ಹುಳುಗಳಿಗೆ ಕ್ಯಾರೆಟ್, ಕೆಂಪು ದಪ್ಪಮೆಣಸು ತಿನ್ನಿಸಿ ನಾಲ್ಕು ತಿಂಗಳು ನೋಡಿದ್ದೂ ಆಯಿತು. ನನ್ನ ಕಣ್ಣಿಗೆ ಏನೂ ಬದಲಾವಣೆ ಕಾಣಲಿಲ್ಲ.

ಬಣ್ಣ ನಿರ್ಧರಿಸಲು ಅವಸರ ಬೇಡ. ಮೊಟ್ಟೆಯಿಂದ ಬಂದಾಗ ಎಲ್ಲ ಆಕಿ ಮರಿಯ ಚುಕ್ಕೆಯೂ ಎದ್ದು ಕಾಣುತ್ತದೆ, ಪೊರೆ ಬಿಡುವ ಮುಂಚೆ ಎಲ್ಲವೂ ಮಸುಕಾಗುತ್ತವೆ. ಎಂಟು ತಿಂಗಳಿಗಿಂತ ಮೊದಲು ನಾನು ಯಾವುದನ್ನೂ ವಿಂಗಡಿಸುವುದಿಲ್ಲ.

ಹೆಚ್ಚು ನಷ್ಟ ಮಾಡಿದ್ದು ಜೆನೆಟಿಕ್ಸ್ ಅಲ್ಲ, ಮೊಟ್ಟೆಯಿಡುವ ಮಣ್ಣು. ಮೊದಲ ವರ್ಷ ಒಂದು ಇಡೀ ಕಂತನ್ನು ಹೆಣ್ಣು ಮೇಲ್ಮಣ್ಣಿನಲ್ಲೇ ಚೆಲ್ಲಾಡಿ ಇಟ್ಟಿತು. ಬೆಳಗ್ಗೆ ನೋಡುವಾಗ ಅರ್ಧ ಒಣಗಿ ಸುಕ್ಕಾಗಿದ್ದವು, ಉಳಿದವು ಇನ್ನೊಂದು ಉಡದ ಹೊಟ್ಟೆ ಸೇರಿದ್ದವು. ಮೇಲೆ ಬಲ್ಬಿನಡಿ 60 ಡಿಗ್ರಿಗೂ ಮೇಲೆ ಇದ್ದದ್ದು ಸರಿ, ಆದರೆ ಒಂದು ಮೊಳ ಆಳದಲ್ಲಿ 23 ಇತ್ತು. ಅಲ್ಲಿ 28ರಿಂದ 30 ಇರಬೇಕು, ಆಳ 40 ಸೆಂಟಿಮೀಟರಿಗೆ ಕಮ್ಮಿ ಇರಬಾರದು. ಹದ ನೋಡುವುದು ಹೀಗೆ: ಮುಷ್ಟಿ ಹಿಡಿದರೆ ಉಂಡೆ ನಿಲ್ಲಬೇಕು, ನೀರು ಬೆರಳಿಗೆ ಬರಬಾರದು, ಬೆರಳಿಂದ ತೂತು ಕೊರೆದರೆ ಬಾಯಿ ಕುಸಿಯಬಾರದು. ಮರಳು, ಕೆಮ್ಮಣ್ಣು ಎಲ್ಲರಿಗೂ ಗೊತ್ತು. ನಾನು ಬೆರೆಸುವ ಮೂರನೆಯದನ್ನು ಸದ್ಯಕ್ಕೆ ಹೇಳುವುದಿಲ್ಲ, ಇನ್ನೊಂದು ತಲೆಮಾರು ಆಗಲಿ.

ಹೆಣ್ಣು ಮೇವು ಬಿಟ್ಟು, ನಾಲ್ಕೈದು ಕಡೆ ಕೆದಕಿ ನೋಡಿ, ಮತ್ತೆ ಮತ್ತೆ ಬಲ್ಬಿನಡಿ ಬಂದು ಮಲಗುತ್ತಿದ್ದರೆ ಅದಕ್ಕೆ ಜಾಗ ಒಪ್ಪಿಗೆಯಾಗಿಲ್ಲ ಎಂದರ್ಥ. ಆಗಲೇ ಮಣ್ಣು ಸರಿಮಾಡಬೇಕು. ಕಾದರೆ ಮೊಟ್ಟೆ ಒಳಗೇ ಸಿಕ್ಕಿಕೊಳ್ಳುತ್ತದೆ; ಒಂದು ಒಳ್ಳೆಯ ಹೆಣ್ಣನ್ನು ಹಾಗೇ ಕಳೆದುಕೊಂಡೆ. ಇಟ್ಟು ಮುಗಿಸಿದ ಹೆಣ್ಣಿನ ಮೂತಿಗೆ ಮಣ್ಣು ಮೆತ್ತಿರುತ್ತದೆ, ಸೊಂಟದ ಮೂಳೆಯ ಎರಡೂ ಪಕ್ಕ ಗುಳಿಬಿದ್ದಿರುತ್ತದೆ. ಅದನ್ನು ಕಂಡ ಕೂಡಲೇ ಅಗೆಯಿರಿ, ಮಾರನೆಯ ದಿನಕ್ಕೆ ಬಿಡಬೇಡಿ. ಮೊಟ್ಟೆ ಹೊರಳಿಸದೆ, ಮೇಲ್ಭಾಗಕ್ಕೆ ಪೆನ್ಸಿಲ್ ಗುರುತು ಹಾಕಿ ತೆಗೆಯಿರಿ.

ಕಾವಿನ ಡಬ್ಬಿಯಲ್ಲಿ ಮೊಟ್ಟೆಯಡಿ ಹಾಕುವ ವರ್ಮಿಕ್ಯುಲೈಟಿಗೆ (ತೇವ ಹಿಡಿದಿಡುವ ಹಗುರ ಖನಿಜ) ಸಮತೂಕ ನೀರು ಎಂದು ಎಲ್ಲರೂ ಹೇಳುತ್ತಾರೆ. ನನ್ನ ಡಬ್ಬಿ ಬಿಗಿ ಮುಚ್ಚಳದ್ದು, ಅಷ್ಟು ನೀರಿಗೆ ಮೊಟ್ಟೆ ಉಬ್ಬಿ, ಪೂರ್ತಿ ಬೆಳೆದ ಮರಿ ಒಳಗೇ ಸತ್ತಿದೆ. 10 ಪಾಲಿಗೆ 8 ಪಾಲು ನೀರು ಹಾಕಿದ ಮೇಲೆ ಅದು ನಿಂತಿತು. ಕೊನೆಯ ವಾರಗಳಲ್ಲಿ ಮೊಟ್ಟೆ ತಗ್ಗಿದರೆ ನೀರು ಹಾಕಲು ಹೋಗಬೇಡಿ. ಮೂತಿ ಹೊರಗೆ ಬಂದ ಮೇಲೂ ಮರಿ ಒಂದು ದಿನ ಹಾಗೇ ಕೂರಬಹುದು. ಎಳೆದರೆ ಹೊಕ್ಕುಳ ಹರಿಯುತ್ತದೆ.

ಖರ್ಚಿನ ಮಾತು. ನೂರು ರೂಪಾಯಿ ಹೋದರೆ ಅದರಲ್ಲಿ 60 ಕರೆಂಟಿಗೆ, 30 ಹುಳುವಿಗೆ. ದೊಡ್ಡ ಬಲ್ಬ್ ಒಂದರ ಬದಲು ಸಣ್ಣ ಹ್ಯಾಲೊಜನ್ ಮೂರನ್ನು ಒತ್ತೊತ್ತಾಗಿ ತಗ್ಗಿಸಿ ಕಟ್ಟಿ, ಪೆಟ್ಟಿಗೆಯ ಹೊರಗೆ ಫೋಮ್ ಹಲಗೆ ಅಂಟಿಸಿದ್ದರಿಂದ ಬಿಲ್ ಹೆಚ್ಚುಕಡಿಮೆ ಮೂರನೇ ಒಂದು ಪಾಲು ಇಳಿಯಿತು. ಮರಿಗಳನ್ನು ಎಂಟು ತಿಂಗಳು ಉಳಿಸಿಕೊಳ್ಳುವುದೇ ದೊಡ್ಡ ಹೊರೆ, ಆದರೆ ಅದನ್ನು ತಪ್ಪಿಸಿದವರು ಮಾಮೂಲು ಬೆಲೆಗೆ ತಿಳಿಮರಿ ಮಾರಿ ಕೂತಿದ್ದಾರೆ.

ತಿಳಿಗೆ ತಿಳಿ ಹಾಕಿದ್ದು ಒಂದೇ ಸಲ. ಆರು ಮರಿ, ಆರೂ ತಿಳಿ, ಎರಡರ ಬಾಲ ಸೊಟ್ಟ. ಆಸ್ಟ್ರೇಲಿಯಾ ತನ್ನ ಸರೀಸೃಪಗಳನ್ನು ವ್ಯಾಪಾರಕ್ಕೆ ಹೊರಗೆ ಬಿಡುವುದಿಲ್ಲವಾದ್ದರಿಂದ ಹೊರಗಿರುವ ಆಕಿಗಳ ರಕ್ತವೇ ಕಮ್ಮಿ. ಅದರ ಮೇಲೆ ಅಣ್ಣತಂಗಿ ಜೋಡಿ ಬೇಡ. ಈಗ ತಿಳಿಗಂಡುಗಳನ್ನು ಬೇರೆ ಎರಡು ವಂಶದ ಹೆಣ್ಣುಗಳಿಗೆ ಹಾಕಿದ್ದೇನೆ. ತಾಯಿ-ಮಗನ ಕಂತಿನ ಮಾಮೂಲು ಬಣ್ಣದ ಮರಿಗಳು ಎಲ್ಲವೂ ಖಚಿತ ಹೆಟ್ (ತಿಳಿಬಣ್ಣದ ಗುಣ ಒಳಗಿದ್ದೂ ಹೊರಗೆ ಕಾಣದವು), 'ಇರಬಹುದು' ಎಂದು ಬರೆದು ಅಗ್ಗಕ್ಕೆ ಕೊಡಬೇಕಿಲ್ಲ. ಅವುಗಳನ್ನು ಸಂಬಂಧವಿಲ್ಲದ ಉಡಕ್ಕೆ ಹಾಕಿ ಬಂದ ಮರಿಗಳನ್ನು ಮಾತ್ರ ಅರ್ಧ ಸಾಧ್ಯತೆ ಎಂದೇ ಬರೆದು ಕೊಡಬೇಕು.