ಗಾಯಾಳು ಸಿಪಾಯಿಗಳ ಅರ್ಜಿ ಓದುವುದನ್ನು ನಾನು ಕಲಿತ ಬಗೆ

ನಾನು ಮೂಳೆ ವೈದ್ಯ. ಅಂಗವೈಕಲ್ಯದ ಪ್ರಮಾಣಪತ್ರಕ್ಕೆ ಸಹಿ ಹಾಕುವುದು ನನ್ನ ಕೆಲಸದ ಭಾಗ. ಆ ನಂಟಿನಿಂದಲೇ ಹದಿನೇಳನೇ ಶತಮಾನದ ಇಂಗ್ಲೆಂಡಿನಲ್ಲಿ ರಾಜನಿಗೂ ಪಾರ್ಲಿಮೆಂಟಿಗೂ ನಡೆದ ಅಂತರ್ಯುದ್ಧದಲ್ಲಿ ಗಾಯಗೊಂಡ ಸಿಪಾಯಿಗಳ ಪಿಂಚಣಿ ಅರ್ಜಿಗಳನ್ನು ಓದತೊಡಗಿದೆ. ಅಂಥ ಸಾವಿರಾರು ಅರ್ಜಿಗಳು ಈಗ ಅಂತರ್ಜಾಲದಲ್ಲೇ ಸಿಗುತ್ತವೆ.

ಮೊದಲು ಕಾನೂನು ತಿಳಿದುಕೊಂಡೆ. 1593ರ ಕಾಯ್ದೆಯಂತೆ ಪ್ರತಿ ಪ್ಯಾರಿಷ್‌ನವರೂ (ಒಂದು ಚರ್ಚಿಗೆ ಸೇರಿದ ಊರಿನವರು) ವಾರವಾರ ಇಷ್ಟು ಪೆನ್ನಿ ಎಂದು ಕೊಡಬೇಕಿತ್ತು. ಆ ಹಣದಲ್ಲಿ ಕೌಂಟಿಯ (ನಮ್ಮ ಜಿಲ್ಲೆಯಂಥ ಪ್ರದೇಶದ) ಖಜಾಂಚಿ ಪಿಂಚಣಿ ಕೊಡುತ್ತಿದ್ದ. ಸಾಮಾನ್ಯ ಸಿಪಾಯಿಗೆ ವರ್ಷಕ್ಕೆ ಹೆಚ್ಚೆಂದರೆ 10 ಪೌಂಡ್. ಅಂತರ್ಯುದ್ಧದ ಕಾಲಕ್ಕೆ ಬಹಳ ಜನರ ಕೈಗೆ ಬಂದದ್ದು ಒಂದೆರಡು ಪೌಂಡ್ ಅಷ್ಟೇ. ದಳಪತಿಯ ಸಹಿ, ಮೊಹರಿನ ಪತ್ರ ಬೇಕಿತ್ತು. ಭಿಕ್ಷೆ ಬೇಡುವಾಗ ಸಿಕ್ಕಿಬಿದ್ದರೆ ಪಿಂಚಣಿ ರದ್ದು. ಆ ಷರತ್ತು ಓದಿದಾಗ ನನಗೆ ಸಂಕಟವಾಯಿತು, ಈಗಲೂ ಆಗುತ್ತದೆ.

ಅರ್ಜಿಯನ್ನು ನಾನು ಕೆಳಗಿನಿಂದ ಓದುತ್ತೇನೆ. ಪಿಂಚಣಿ ಕೊಡಬೇಕೇ ಬೇಡವೇ ಎಂಬ ನ್ಯಾಯಾಧೀಶರ ಆದೇಶ ಎಷ್ಟೋ ಸಲ ಅಲ್ಲೇ ಇರುತ್ತದೆ. ಮೇಲಿನ ದೈನ್ಯದ ಸಾಲುಗಳು ಅರ್ಜಿ ಬರೆದುಕೊಡುವವನು ರೂಢಿಯಂತೆ ಬರೆದವು, ಎಲ್ಲದರಲ್ಲೂ ಹೆಚ್ಚುಕಡಿಮೆ ಒಂದೇ. ಆಮೇಲೆ ಗಾಯದ ವಿವರಕ್ಕೆ ಬರುತ್ತೇನೆ. ಸೀಸದ ಗುಂಡು ಮೂಳೆಯನ್ನು ಚೂರುಚೂರು ಮಾಡಿ, ಬಟ್ಟೆಯ ಎಳೆಯನ್ನೂ ಒಳಗೆ ಒಯ್ಯುತ್ತದೆ. ಆ್ಯಂಟಿಬಯಾಟಿಕ್ ಇಲ್ಲದ ಕಾಲ. ಕೀವು ಸೋರುತ್ತಾ, ಸತ್ತ ಮೂಳೆಯ ಚೂರುಗಳು ವರ್ಷಗಟ್ಟಲೆ ಹೊರಬರುತ್ತಿರುತ್ತವೆ. ಯುದ್ಧ ಮುಗಿದು ಹತ್ತು ವರ್ಷವಾದ ಮೇಲೆ ಒಬ್ಬ ಅರ್ಜಿ ಹಾಕಿದನೆಂದರೆ ಸುಳ್ಳೆಂದು ನಾನು ಅನುಮಾನಿಸುವುದಿಲ್ಲ. ಈ ಕಾಯಿಲೆಯ ನಡೆಯೇ ಹಾಗೆ.

ಕೊನೆಗೆ ಕಸುಬು ಹುಡುಕುತ್ತೇನೆ. ನಾವು ಇಂದು ವೈಕಲ್ಯವನ್ನು ಶೇಕಡಾವಾರಿನಲ್ಲಿ ಬರೆಯುತ್ತೇವೆ, ಶೇ. 40 ಅಥವಾ ಹೆಚ್ಚಿದ್ದರೆ ಸವಲತ್ತು. ಅಲ್ಲಿ ಅರ್ಜಿದಾರ ಹೇಳಿಕೊಳ್ಳಬೇಕಿದ್ದುದು ತನ್ನ ದುಡಿಮೆ ನಿಂತ ಸಂಗತಿ. ಬಲಗೈ ಬೆರಳು ಸೆಟೆದ ನೇಕಾರನ ಮುಂದೆ ಮಗ್ಗ ಇದ್ದೂ ಇಲ್ಲದಂತೆ. ಅದೇ ಗಾಯ ಕಾವಲುಗಾರನನ್ನು ಅಷ್ಟು ಕೆಡಿಸದು. ಈ ಲೆಕ್ಕಾಚಾರ ನನಗೆ ನಮ್ಮ ಶೇಕಡಾವಾರಿಗಿಂತ ಮನುಷ್ಯನಿಗೆ ಹತ್ತಿರವೆನಿಸುತ್ತದೆ.

ಆದೇಶದ ಇಸವಿಯನ್ನೂ ನೋಡಬೇಕು. 1660ರಲ್ಲಿ, ಯುದ್ಧದಲ್ಲಿ ಸೋತ ರಾಜನ ಮಗ ಮರಳಿ ಬಂದು ರಾಜನಾದ. 1662ರ ಕಾಯ್ದೆ ರಾಜನ ಪಕ್ಷದವರಿಗೆ ಪಿಂಚಣಿ ಕೊಟ್ಟಿತು, ಪಾರ್ಲಿಮೆಂಟಿನ ಪರ ಕಾದಾಡಿದ ಗಾಯಾಳುಗಳು ಕೈಬಿಟ್ಟುಹೋದರು. ಮಂಜೂರಾದ ಹಣ ನಿಜಕ್ಕೂ ಸೇರಿತೇ ಎಂಬುದು ಖಜಾಂಚಿಯ ಲೆಕ್ಕದ ಪುಸ್ತಕ ಉಳಿದಿದ್ದರೆ ಮಾತ್ರ ಗೊತ್ತಾಗುತ್ತದೆ. ಹಾಗಾಗಿ ಈಗ ಅರ್ಜಿಯ ಹೆಸರುಗಳನ್ನು ಆ ಲೆಕ್ಕಗಳ ಜೊತೆ ಒಂದೊಂದಾಗಿ ತಾಳೆ ನೋಡುತ್ತಿದ್ದೇನೆ.