ಲಗ್ನ ಊರಲ್ಲಿ, ಸಂಸಾರ ಹೊರದೇಶದಲ್ಲಿ: ಕಾಗದಪತ್ರ ಮಾಡಿಸುವುದು ಹೇಗೆ?

ಬೆಳಗಾವಿ ಕಡೆ ಅಕ್ಕಿಕಾಳು ಬಿದ್ದರೆ ಲಗ್ನ ಮುಗಿದಂತೆ, ಬೀಗರು ಊಟಕ್ಕೆ ಎದ್ದರು. ಗಂಡು ದುಬೈಯಲ್ಲೋ ಲಂಡನ್ನಿನಲ್ಲೋ ಇದ್ದರೆ, ಹೆಣ್ಣಿನ ವೀಸಾಕ್ಕೆ ಅರ್ಜಿ ಹಾಕುವಾಗ ಮದುವೆ ನೋಂದಣಿಯ ಸರ್ಟಿಫಿಕೇಟ್ ನೆನಪಾಗುತ್ತದೆ. ಅಷ್ಟರಲ್ಲಿ ಅವನ ರಜೆ ಮುಗಿದಿರುತ್ತದೆ.

ಮದುವೆ ನಡೆದ ಜಾಗದ ಕಾನೂನಿನಂತೆ ಅದು ಸರಿಯಾಗಿದ್ದರೆ ಸಾಮಾನ್ಯವಾಗಿ ಬೇರೆ ದೇಶವೂ ಒಪ್ಪುತ್ತದೆ. ನಮ್ಮಲ್ಲಿ ಶಾಸ್ತ್ರದ ಮದುವೆಗೆ ಕಾನೂನಿನ ಬೆಲೆ ಇದೆ. 1955ರ ಹಿಂದೂ ವಿವಾಹ ಕಾಯ್ದೆಯ ಪ್ರಕಾರ ಗಂಡಿನ ಅಥವಾ ಹೆಣ್ಣಿನ ಕಡೆಯ ರೂಢಿಯಂತೆ ನಡೆದರೆ ಸಾಕು. ಸಪ್ತಪದಿ ಇರುವವರಿಗೆ ಏಳನೇ ಹೆಜ್ಜೆಗೆ ಮದುವೆ ಪೂರ್ಣ. ಇಲ್ಲದವರಿಗೆ ಅವರ ಪದ್ಧತಿ.

ಆದ್ದರಿಂದ ಮೊದಲು ಲಗ್ನ, ಆಮೇಲೆ ನೋಂದಣಿ. ವೀಸಾ ಬೇಗ ಬೇಕೆಂದು ಶಾಸ್ತ್ರಕ್ಕೆ ಮುಂಚೆಯೇ ಸರ್ಟಿಫಿಕೇಟ್ ಮಾಡಿಸುವವರಿದ್ದಾರೆ. ಮಾಡಬೇಡಿ. ಹಾಗೆ ಮಾಡಿಸಿದ್ದ ಇಬ್ಬರು ಪೈಲಟ್‌ಗಳ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2024ರಲ್ಲಿ, ಶಾಸ್ತ್ರವೇ ನಡೆಯದಿದ್ದರೆ ಅದು ಹಿಂದೂ ಮದುವೆಯೇ ಅಲ್ಲ ಎಂದಿತು. ಸರ್ಟಿಫಿಕೇಟ್ ಕೈಯಲ್ಲಿದ್ದರೂ ಉಪಯೋಗವಿಲ್ಲ.

ಲಗ್ನವಾದ ವಾರದಲ್ಲೇ ಉಪ ನೋಂದಣಾಧಿಕಾರಿ ಕಚೇರಿಗೆ ಹೋಗಿ. ಹಿಂದೂ ಮದುವೆಗೆ ರಾಜ್ಯದ ನೋಂದಣಿ ಇಲಾಖೆಯ ವೆಬ್‌ಸೈಟ್ ಕಾವೇರಿ 2.0ರಲ್ಲಿ ಆನ್‌ಲೈನ್ ಅರ್ಜಿಯೂ ಇದೆ. ಲಗ್ನಪತ್ರಿಕೆ, ಮದುವೆಯ ಫೋಟೋ, ವಯಸ್ಸು ಮತ್ತು ವಿಳಾಸದ ದಾಖಲೆ, ಸಾಕ್ಷಿಗಳು ಬೇಕು. ಹೆಚ್ಚು ಜನ ಎಡವುವುದು ಹೆಸರಿನಲ್ಲಿ. ಲಗ್ನಪತ್ರಿಕೆಯಲ್ಲಿ ಮನೆಯಲ್ಲಿ ಕರೆಯುವ ಹೆಸರು, ಆಧಾರ್‌ನಲ್ಲಿ ಅಡ್ಡಹೆಸರು, ಪಾಸ್‌ಪೋರ್ಟ್‌ನಲ್ಲಿ ಅಪ್ಪನ ಹೆಸರು! ಪಾಸ್‌ಪೋರ್ಟ್‌ನಲ್ಲಿ ಇದ್ದಂತೆಯೇ, ಒಂದಕ್ಷರ ಬಿಡದೆ ಬರೆಸಿ. ಪತ್ರಿಕೆ ಅಚ್ಚಿಗೆ ಕೊಡುವಾಗಲೇ ನೋಡಿಕೊಂಡರೆ ಒಳ್ಳೆಯದು.

ಬೇರೆ ಬೇರೆ ಧರ್ಮದವರಿಗೆ 1954ರ ವಿಶೇಷ ವಿವಾಹ ಕಾಯ್ದೆ. ಇಬ್ಬರಲ್ಲೊಬ್ಬರು ಜಿಲ್ಲೆಯಲ್ಲಿ 30 ದಿನ ವಾಸವಿದ್ದಿರಬೇಕು, ನಂತರ 30 ದಿನದ ನೋಟಿಸ್. ಮೂವರು ಸಾಕ್ಷಿ. ಎರಡು ವಾರದ ರಜೆಯಲ್ಲಿ ಇದು ಆಗದ ಮಾತು, ಅಲ್ವಾ? ಮೊದಲೇ ಲೆಕ್ಕ ಹಾಕಿ. ನಿಕಾಹ್ ಆದವರೂ ಇದೇ ಕಾಯ್ದೆಯಡಿ ನೋಂದಾಯಿಸಬಹುದು. ಆದರೆ ಆಗ ಆಸ್ತಿ ಹಂಚಿಕೆಯ ನಿಯಮವೂ ಬದಲಾಗುತ್ತದೆ. ಸುಮ್ನೆ ಸಹಿ ಹಾಕದೆ ವಕೀಲರನ್ನು ಕೇಳಿ. ವಕ್ಫ್ ಮಂಡಳಿ ಮದುವೆ ಪ್ರಮಾಣಪತ್ರ ಕೊಡಬಹುದೆಂಬ 2023ರ ಸರ್ಕಾರಿ ಆದೇಶಕ್ಕೆ ಹೈಕೋರ್ಟ್ 2024ರಲ್ಲಿ ತಡೆ ಕೊಟ್ಟಿದೆ.

ಸರ್ಟಿಫಿಕೇಟ್ ಬಂದ ಮೇಲೆ ರಾಜ್ಯದ ದೃಢೀಕರಣ, ನಂತರ ವಿದೇಶಾಂಗ ಸಚಿವಾಲಯದ ಅಪೊಸ್ಟಿಲ್ ಮುದ್ರೆ. ಹೇಗ್ ಒಪ್ಪಂದಕ್ಕೆ ಸೇರಿದ ದೇಶಗಳು ಒಬ್ಬರ ಕಾಗದವನ್ನು ಇನ್ನೊಬ್ಬರು ಒಪ್ಪಲು ಇಟ್ಟುಕೊಂಡ ಮುದ್ರೆ ಇದು. ಭಾರತ 2005ರಿಂದ ಆ ಒಪ್ಪಂದದಲ್ಲಿದೆ. ದುಬೈಗೆ ಅಪೊಸ್ಟಿಲ್ ನಡೆಯುವುದಿಲ್ಲ. ಸಚಿವಾಲಯದ ಮುದ್ರೆಯ ಮೇಲೆ ಯುಎಇ ದೂತಾವಾಸದ ದೃಢೀಕರಣವೂ ಬೇಕು.

ಲಗ್ನವನ್ನೇ ಹೊರಗೆ ಮಾಡುವುದಾದರೆ ಲೆಕ್ಕ ಬೇರೆ. ಫ್ರಾನ್ಸ್‌ನಲ್ಲಿ ಮೊದಲು ಪುರಸಭೆಯಲ್ಲಿ ಸಿವಿಲ್ ಮದುವೆ, ಆಮೇಲಷ್ಟೇ ಧಾರ್ಮಿಕ ವಿಧಿ. ಇಂಗ್ಲೆಂಡಿನಲ್ಲಿ ನೋಂದಣಿಯಾಗದ ದೇವಸ್ಥಾನದಲ್ಲಿ ಬರೀ ಶಾಸ್ತ್ರ ಮಾಡಿಕೊಂಡರೆ ಕಾನೂನಿನ ಲೆಕ್ಕಕ್ಕೆ ಬರುವುದಿಲ್ಲ. ಅಷ್ಟು ದೂರ ಯಾಕೆ, ಖಾನಾಪುರ ದಾಟಿ ಗೋವಾಕ್ಕೆ ಹೋದರೂ ಅಲ್ಲಿ ಪೋರ್ಚುಗೀಸರ ಕಾಲದ ಸಿವಿಲ್ ಕೋಡ್ ಇದೆ. ಸಿವಿಲ್ ರಿಜಿಸ್ಟ್ರಾರ್ ಮುಂದೆ ಮೊದಲ ಸಹಿ, ಕೆಲ ದಿನ ಬಿಟ್ಟು ಎರಡನೇ ಸಹಿ. ಗೋವಾದ ಬೀಗರು ಮಂಟಪ ಅಲ್ಲೇ ಇರಲಿ ಅಂದರೆ, ಛತ್ರ ಬುಕ್ ಮಾಡುವ ಮೊದಲು ಆ ಸಹಿಗಳ ತಾರೀಖು ಗೊತ್ತುಮಾಡಿಕೊಳ್ಳಿ.