ತುಮಕೂರಿನಲ್ಲಿ ಕ್ಯಾರವಾನ್‌ಗೆ ಒಂದು ರಾತ್ರಿಯ ಜಾಗ: ಕೈಕೊಟ್ಟದ್ದೆಲ್ಲಿ, ಯಾಕೆ

ಏಪ್ರಿಲ್ ತಿಂಗಳು. ಬೆಂಗಳೂರಿನಿಂದ ಸುಮಾರು 70 ಕಿ.ಮೀ., ರಾಷ್ಟ್ರೀಯ ಹೆದ್ದಾರಿ 48 ಬಿಟ್ಟು ಊರೊಳಗೆ ಬಂದರೆ ಒಂದು ಲಾಡ್ಜಿನ ಹಿಂದಿನ ಅಂಗಳ. ಇಂಟರ್‌ಲಾಕ್ ಹಾಸು, ಮೂರು ಕಡೆ ಎತ್ತರದ ಗೋಡೆ, ಬೀಗ ಹಾಕುವ ಗೇಟು, ಕಾವಲಿಗೆ ಒಬ್ಬರು, ಗೋಡೆಯಲ್ಲಿ 16 ಆಂಪ್‌ನ ಸಾಕೆಟ್. ಕ್ಯಾರವಾನ್ (ಒಳಗೇ ಮಲಗಿ, ಅಡುಗೆ ಮಾಡಿಕೊಳ್ಳುವ ಮನೆಯಂಥ ಗಾಡಿ) ನಿಲ್ಲಿಸುವವರು ಫೋನಿನಲ್ಲಿ ಕೇಳುವ ಪ್ರಶ್ನೆಗಳಿಗೆಲ್ಲ ‘ಇದೆ ಸಾರ್’ ಅನ್ನುವ ಉತ್ತರ. ಆದರೂ ರಾತ್ರಿ ಹಾಳಾಯಿತು. ಯಾವುದೋ ಒಂದು ಕೆಟ್ಟು ಹಾಳಾದದ್ದಲ್ಲ, ಒಂದು ಇನ್ನೊಂದನ್ನು ಎಳೆದುಕೊಂಡು ಬಂತು. ಗೋಡೆಯಿಂದ ಗಾಳಿ ನಿಂತಿತು. ಸದ್ದಿಗೂ ಸೊಳ್ಳೆಗೂ ಕಿಟಕಿ ಮುಚ್ಚಬೇಕಾಯಿತು. ಕಿಟಕಿ ಮುಚ್ಚಿದ ಮೇಲೆ ಎಸಿ ಬೇಕಾಯಿತು. ಎಸಿ ಆ ಸಾಕೆಟ್ಟನ್ನು ನಂಬಿತು. ಸಾಕೆಟ್ ನಂಬುವಂಥದ್ದಾಗಿರಲಿಲ್ಲ.

ಲೆಕ್ಕ ಅರ್ಥವಾಗಲು ಗಾಡಿಯ ವಿವರ ಮೊದಲೇ ಹೇಳಿಬಿಡುತ್ತೇನೆ. ಟ್ರಾವೆಲರ್ ಜಾತಿಯ ಗಾಡಿಯ ಮೇಲೆ ಕಟ್ಟಿದ್ದು, ಮೇಲಿನ ಎಸಿ ಸೇರಿ 3 ಮೀಟರ್ ಎತ್ತರ. 12.8 ವೋಲ್ಟ್, 200 ಆಂಪ್-ಅವರ್‌ನ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ, ಅಂದರೆ 2.56 ಯೂನಿಟ್. 3 ಕೆವಿಎ ಇನ್ವರ್ಟರ್, ಅದರೊಳಗೇ 40 ಆಂಪ್ ಚಾರ್ಜರ್. 1 ಟನ್ ಇನ್ವರ್ಟರ್ ಎಸಿ, 60 ಲೀಟರಿನ ಕಂಪ್ರೆಸರ್ ಫ್ರಿಜ್, 100 ಲೀಟರ್ ನೀರಿನ ಟ್ಯಾಂಕ್, 60 ಲೀಟರ್ ಬಳಸಿದ ನೀರಿನ ಟ್ಯಾಂಕ್, 20 ಲೀಟರಿನ ಕ್ಯಾಸೆಟ್ ಟಾಯ್ಲೆಟ್ (ಕೆಳಗಿನ ಡಬ್ಬಿಯನ್ನು ಹೊರಗೆಳೆದು ಒಯ್ದು ಸುರಿಯುವಂಥದ್ದು).

ಬ್ಯಾಟರಿಯಲ್ಲಿ ಶೇ 80 ಬಳಸಿದರೆ ಕೈಗೆ ಸಿಗುವುದು 2 ಯೂನಿಟ್. ಮೊದಲ ಒಂದು ಗಂಟೆ ಎಸಿ 900 ವ್ಯಾಟ್ ಎಳೆಯುತ್ತದೆ, ಒಳಗೆ ತಣ್ಣಗಾದ ಮೇಲೆ ಸರಾಸರಿ 500ಕ್ಕೆ ಇಳಿಯುತ್ತದೆ. ಇನ್ವರ್ಟರ್‌ನ ನಷ್ಟವನ್ನೂ ಹಿಡಿದರೆ ಮೂರು ಗಂಟೆ ದಾಟುವುದು ಕಷ್ಟ. ಅದೇ 12 ವೋಲ್ಟಿನ ಎರಡು ಫ್ಯಾನು ಮತ್ತು ಫ್ರಿಜ್ ಮಾತ್ರ ಆದರೆ ಎಂಟು ಗಂಟೆಗೆ ಅರ್ಧ ಯೂನಿಟ್ ಸಾಕು. ಕಿಟಕಿ ತೆರೆದು ಮಲಗಲು ಬರುವ ಜಾಗಕ್ಕೂ ಬರದ ಜಾಗಕ್ಕೂ ಇರುವ ಅಂತರ ಇದೇ, ನಾಲ್ಕು ಪಟ್ಟಿಗಿಂತ ಹೆಚ್ಚು. ತುಮಕೂರು ಸಮುದ್ರಮಟ್ಟದಿಂದ 800 ಮೀಟರ್‌ಗೂ ಮೇಲಿದೆ, ಬಯಲಿನಲ್ಲಿ ನಿಂತರೆ ಏಪ್ರಿಲ್‌ನಲ್ಲೂ ಹನ್ನೊಂದರ ಮೇಲೆ ತಂಪು ಗಾಳಿ ಬರುತ್ತದೆ. ಆದರೆ ಹಗಲೆಲ್ಲ ಕಾದ ಇಂಟರ್‌ಲಾಕ್ ಹಾಸು, ಗೋಡೆ ಎರಡೂ ನಡುರಾತ್ರಿಯವರೆಗೆ ಬಿಸಿ ಉಗುಳುತ್ತಿರುತ್ತವೆ. ನೆಲದ ಮೇಲೆ ಬರಿಗೈ ಇಟ್ಟು ನೋಡಿ. ಸಂಜೆ ಏಳಕ್ಕೂ ಕೈ ಇಡಲಾಗದಿದ್ದರೆ ಎಸಿ ಇಲ್ಲದೆ ಮಲಗುವ ಆಸೆ ಬಿಡಿ.

ಇನ್ನು ಸಾಕೆಟ್. ಮುಂಭಾಗದ ಫಲಕ 16 ಆಂಪ್‌ನದಾದರೂ ಹಿಂದಿನ ವೈರು ಯಾವುದು ಎಂದು ಗೋಡೆ ಹೇಳುವುದಿಲ್ಲ. ಅಂಗಳದ ದೀಪಕ್ಕೆ ಎಳೆದ 1.5 ಚದರ ಮಿ.ಮೀ. ಲೈನಿಗೇ ಆಮೇಲೆ ದೊಡ್ಡ ಸಾಕೆಟ್ ಸೇರಿಸುವುದು ನಮ್ಮ ಕಡೆ ಮಾಮೂಲು. ಇದನ್ನು ಪತ್ತೆ ಮಾಡಲು ಬೇಕಾದದ್ದು ಒಂದು ಮಲ್ಟಿಮೀಟರ್, ಒಂದು 1500 ವ್ಯಾಟ್ ಕೆಟಲ್. ಮೊದಲು ಏನೂ ಹಚ್ಚದೆ ವೋಲ್ಟೇಜ್ ನೋಡಬೇಕು, ಆಮೇಲೆ ಕೆಟಲ್ ಹಚ್ಚಿ ಗಾಡಿಯೊಳಗಿನ ಪಾಯಿಂಟಿನಲ್ಲಿ ನೋಡಬೇಕು. ಇಲ್ಲಿ ಖಾಲಿ ಇದ್ದಾಗ 214, ಕೆಟಲ್ ಕುದಿಯುವಾಗ 201. ಕುಸಿದದ್ದು 13 ವೋಲ್ಟ್, ಹರಿದದ್ದು 5.7 ಆಂಪ್. ಭಾಗಿಸಿದರೆ ದಾರಿಯ ರೋಧ 2.3 ಓಮ್. ಅದರಲ್ಲಿ ನನ್ನ 25 ಮೀಟರ್, 2.5 ಚದರ ಮಿ.ಮೀ. ತಾಮ್ರದ ಕೇಬಲ್ಲಿನ ಪಾಲು 0.4 ಮಾತ್ರ. ಮಿಕ್ಕದ್ದೆಲ್ಲ ಅವರ ಗೋಡೆಯೊಳಗೆ. ಕೆಟಲ್ ಹಚ್ಚಿದಾಗ ಕುಸಿತ 6–7 ವೋಲ್ಟಿನೊಳಗಿದ್ದರೆ ಧೈರ್ಯವಾಗಿ ಎಸಿ ಓಡಿಸಬಹುದು. 10 ದಾಟಿದರೆ ಲೆಕ್ಕ ಹಾಕಿ ಓಡಿಸಬೇಕು. 20ರ ಹತ್ತಿರ ಹೋದರೆ ಪ್ಲಗ್ ಕಿತ್ತು ಸುತ್ತಿಟ್ಟುಬಿಡುವುದೇ ಲೇಸು, ಎಲ್ಲೋ ಜಾಯಿಂಟ್ ಸಡಿಲವಾಗಿದೆ ಎಂದೇ ಅರ್ಥ.

ಸಂಜೆ ಎಲ್ಲ ಸರಿಯಿತ್ತು. ಎಸಿ ಪೂರ್ತಿ ಓಡುವಾಗ 900, ಚಾರ್ಜರ್‌ಗೆ 650, ಒಟ್ಟು 1550 ವ್ಯಾಟ್. ಮೀಟರ್ 196ರ ಆಸುಪಾಸು ನಿಂತಿತ್ತು. ಹನ್ನೊಂದಕ್ಕೆ ಲಾಡ್ಜಿನ ರೂಮುಗಳ ಎಸಿಗಳೆಲ್ಲ ಶುರುವಾದ ಮೇಲೆ ಬೋರ್ಡಿನಲ್ಲೇ 214 ಇದ್ದದ್ದು 200ಕ್ಕೆ ಇಳಿಯಿತು. ನಮ್ಮ ಅದೇ 1550 ವ್ಯಾಟಿಗೆ ಈಗ 8.6 ಆಂಪ್ ಬೇಕು, ಅದು 2.3 ಓಮ್ ದಾಟುವಾಗ ಇನ್ನೂ 20 ವೋಲ್ಟ್ ನುಂಗುತ್ತದೆ. ಉಳಿಯುವುದು 180. ನನ್ನ ಇನ್ವರ್ಟರ್ ಹೊರಗಿನ ಕರೆಂಟನ್ನು ಕೈಬಿಡುವುದೂ 180ಕ್ಕೇ. ಕೈಬಿಟ್ಟ ಕೂಡಲೇ ಲೈನಿನ ಮೇಲಿನ ಭಾರ ಹೋಗಿ ವೋಲ್ಟೇಜ್ ಮತ್ತೆ 200ಕ್ಕೆ ಏರುತ್ತದೆ, ಏರಿದ್ದು ಕಂಡು ಇನ್ವರ್ಟರ್ ಮತ್ತೆ ಹಿಡಿಯುತ್ತದೆ, ಹಿಡಿದ ಮೇಲೆ ಮತ್ತೆ ಇಳಿಯುತ್ತದೆ. ಲೈನು ಬದಲಿಸುವ ಒಳಗಿನ ಸ್ವಿಚ್ಚು, ಅಂದರೆ ರಿಲೇ, ಟಕ್-ಟಕ್ ಎಂದು ರಾತ್ರಿಯೆಲ್ಲ ಬಡಿದುಕೊಳ್ಳುವುದು ಇದಕ್ಕೆ. ಲೈನಿನಲ್ಲಿ ಕರೆಂಟ್ ಇದ್ದರೂ ಬ್ಯಾಟರಿ ಸೊರಗುವುದೂ ಇದಕ್ಕೇ. ಇನ್ವರ್ಟರ್ ಕೆಟ್ಟಿದೆ ಎಂದು ಸರ್ವಿಸಿಗೆ ಒಯ್ಯುವವರಲ್ಲಿ ಎಷ್ಟೋ ಮಂದಿಯ ಕಾಯಿಲೆ ಇದೇ ಇರಬಹುದು ಅನ್ನಿಸುತ್ತದೆ.

ಮದ್ದು ಸುಲಭ. ಇನ್ವರ್ಟರ್‌ನ ಸೆಟ್ಟಿಂಗಿನಲ್ಲಿ ಚಾರ್ಜಿಂಗ್ ಕರೆಂಟನ್ನು 40 ಆಂಪ್‌ನಿಂದ 10ಕ್ಕೆ ಇಳಿಸಬೇಕು. 650 ವ್ಯಾಟ್ ಇದ್ದದ್ದು 160 ಆಗುತ್ತದೆ, ಒಟ್ಟು 1060. ಅದೇ ಸೊರಗಿದ ಲೈನಿನಲ್ಲೂ ವೋಲ್ಟೇಜ್ 187ರಲ್ಲಿ ನಿಲ್ಲುತ್ತದೆ, ರಿಲೇ ಸುಮ್ಮನಾಗುತ್ತದೆ. ಏಳು ಗಂಟೆಗೆ 70 ಆಂಪ್-ಅವರ್ ಬ್ಯಾಟರಿಗೂ ಸೇರುತ್ತದೆ. ಇದನ್ನು ಮಲಗುವ ಮುಂಚೆ ಮಾಡಿದರೆ ನಿದ್ದೆ ಉಳಿಯುತ್ತದೆ. ನಡುರಾತ್ರಿ ಟಾರ್ಚ್ ಹಿಡಿದು ಮೆನು ಹುಡುಕುವುದು ಬೇರೆಯೇ ಕರ್ಮ. ಇಂಡಕ್ಷನ್ ಒಲೆ, ಗೀಸರ್ ಎರಡನ್ನೂ ಅಂಥ ಲೈನಿನಲ್ಲಿ ಮುಟ್ಟಲೇಬಾರದು. ವೋಲ್ಟೇಜ್ ಇಳಿದಷ್ಟೂ ಇನ್ವರ್ಟರ್ ಎಸಿ, ಚಾರ್ಜರ್ ಇಂಥವು ಹೆಚ್ಚು ಆಂಪ್ ಎಳೆಯುತ್ತವೆ, ಕಡಿಮೆ ಅಲ್ಲ. 8.6 ಆಂಪ್ ಹರಿಯುವಾಗ ಅವರ ಗೋಡೆಯ ಪಾಲಿನ 1.9 ಓಮ್‌ನಲ್ಲಿ 140 ವ್ಯಾಟ್ ಬರೀ ಶಾಖವಾಗುತ್ತದೆ. ಆ ಶಾಖ ವೈರಿನುದ್ದಕ್ಕೂ ಹಂಚಿ ಹೋದರೆ ಸರಿ, ಒಂದೇ ಜಾಯಿಂಟಿನಲ್ಲಿ ಕೂತರೆ ಸುಟ್ಟ ವಾಸನೆ ಬರುತ್ತದೆ. ಅರ್ಧ ಗಂಟೆ ಓಡಿಸಿ ಪ್ಲಗ್ಗನ್ನು ಮುಟ್ಟಿ ನೋಡುವುದು ಅದಕ್ಕೇ. ಕೇಬಲ್ಲನ್ನು ಡ್ರಮ್ಮಿನಿಂದ ಪೂರ್ತಿ ಬಿಚ್ಚಿ ಹಾಸಬೇಕು, ಸುತ್ತಿದ ಕೇಬಲ್ ತನ್ನ ಬಿಸಿಗೆ ತಾನೇ ಬೇಯುತ್ತದೆ.

ಅರ್ತಿಂಗ್ ಇನ್ನೊಂದು ಕಥೆ. ಸಾಕೆಟ್ಟಿನ ಮೇಲಿನ ದಪ್ಪ ತೂತಿಗೂ ಫೇಸಿಗೂ ನಡುವೆ ಮೀಟರ್ ಇಟ್ಟರೆ ಫೇಸ್-ನ್ಯೂಟ್ರಲ್‌ನಷ್ಟೇ ಬರಬೇಕು. ಇಲ್ಲಿ 90 ಬಂತು, ಅದೂ ಕುಣಿಯುತ್ತಿತ್ತು. ಅಂದರೆ ಆ ತೂತಿಗೆ ಹಿಂದೆ ವೈರೇ ಇಲ್ಲ. ಚಾರ್ಜರಿನೊಳಗಿನ ಫಿಲ್ಟರ್ ಕೆಪಾಸಿಟರ್‌ಗಳ ಮೂಲಕ ಗಾಡಿಯ ಮೈಗೆ ಸುಮಾರು ಅರ್ಧ ವೋಲ್ಟೇಜ್ ಬಂದು ಕೂರುತ್ತದೆ. ಒದ್ದೆ ನೆಲದಲ್ಲಿ ಬರಿಗಾಲಲ್ಲಿ ನಿಂತು ಬಾಗಿಲ ಹಿಡಿ ಮುಟ್ಟಿದರೆ ‘ಜುಂ’ ಅನ್ನುವುದು ಅದೇ. ಹರಿಯುವುದು ಬಹಳ ಸಣ್ಣ ಕರೆಂಟ್, ಅದಕ್ಕೆ 30 ಮಿಲಿಆಂಪ್‌ನ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಆಫ್ ಆಗುವ ಸ್ವಿಚ್) ಬೀಳುವುದಿಲ್ಲ. ಹಾಗೆಂದು ಆರ್‌ಸಿಸಿಬಿ ದಂಡವಲ್ಲ. ನಿಜವಾದ ಲೀಕ್ ಆಗಿ ಯಾರಾದರೂ ಮುಟ್ಟಿದರೆ ಅರ್ತಿಂಗ್ ಇಲ್ಲದಿದ್ದರೂ ಅದು ಬೀಳುತ್ತದೆ, ಆದರೆ ಮುಟ್ಟಿದ ಮೇಲೆ ಬೀಳುತ್ತದೆ. ಅರ್ತಿಂಗ್ ಇದ್ದರೆ ಮುಟ್ಟುವ ಮೊದಲೇ ಬೀಳುತ್ತದೆ. ಆದ್ದರಿಂದ ನೆಲಕ್ಕೆ ಹೊಡೆದು ಗಾಡಿಗೆ ನಮ್ಮದೇ ಅರ್ತಿಂಗ್ ಕೊಡಲು ಒಂದು ಮೀಟರ್ ಉದ್ದದ ತಾಮ್ರಲೇಪಿತ ಸಲಾಕೆ, ಹಸಿರು ವೈರು, ಕ್ಲಾಂಪ್ ಇಟ್ಟುಕೊಂಡಿರುತ್ತೇನೆ. ಒಣ ಮಣ್ಣಿನಲ್ಲಿ ಅಂಥ ಸಲಾಕೆಯ ರೋಧ ನೂರಾರು ಓಮ್ ಬಂದರೂ ಆರ್‌ಸಿಸಿಬಿ ಜೊತೆಗೆ ಕೆಲಸ ಮಾಡುತ್ತದೆ: 30 ಮಿಲಿಆಂಪ್‌ಗೆ 50 ವೋಲ್ಟ್ ಮೀರದಿರಲು 1600 ಓಮ್ ಒಳಗಿದ್ದರೂ ಸಾಕು. ಒಂದು ಬಕೆಟ್ ನೀರು ಸುರಿದರೆ ಇನ್ನೂ ಒಳ್ಳೆಯದು. ತೊಂದರೆ ಏನೆಂದರೆ ಇಂಟರ್‌ಲಾಕ್ ಹಾಸಿದ ಅಂಗಳದಲ್ಲಿ ಸಲಾಕೆ ಹೊಡೆಯಲು ಮಣ್ಣೇ ಇರುವುದಿಲ್ಲ. ಗೋಡೆ ಪಕ್ಕದ ಗಿಡದ ಪಾತಿ ಹುಡುಕಿ, ಒಳಗೆ ವೈರು-ಪೈಪು ಹೋಗಿಲ್ಲ ಎಂದು ಕೇಳಿಕೊಂಡು ಅಲ್ಲಿ ಹೊಡೆಯಬೇಕು.

ನೆಲದ ಓರೆ ಬೇಗ ಮುಗಿಯುವ ವಿಷಯ. ಎರಡು ಚಕ್ರದ ನಡುವಿನ ಅಗಲ 1.7 ಮೀಟರ್ ಆದರೆ ಒಂದು ಡಿಗ್ರಿ ಓರೆಗೆ 3 ಸೆಂ.ಮೀ. ಹಲಗೆ ಬೇಕು. ಮಳೆನೀರು ಗೇಟಿಗೆ ಹರಿಯಲಿ ಎಂದು ಅಂಗಳಗಳಿಗೆ ಹೇಗೂ ಇಳಿಜಾರು ಕೊಟ್ಟಿರುತ್ತಾರೆ. ತಲೆದಿಂಬು ಏರಿನ ಕಡೆ ಇರಲಿ, ಸ್ನಾನದ ಡ್ರೇನ್ ಇಳಿಜಾರಿನ ಕಡೆ ಇರಲಿ, ಅಷ್ಟೇ.

ಸದ್ದಿನ ವಿಷಯದಲ್ಲಿ ತುಮಕೂರಿಗೆ ತನ್ನದೇ ಗುಣವಿದೆ. ಹೆದ್ದಾರಿ ಒಂದು ಪಕ್ಕಕ್ಕೆ, ಬೆಂಗಳೂರು–ಅರಸೀಕೆರೆ ರೈಲುದಾರಿ ಊರ ಮಧ್ಯೆ. ಬಿ.ಎಚ್. ರಸ್ತೆಯ ಬಸ್ಸುಗಳು ರಾತ್ರಿಯೆಲ್ಲ ಪೂರ್ತಿ ನಿಲ್ಲುವುದಿಲ್ಲ. ಮೂರು ಗೋಡೆಗಳ ಅಂಗಳ ಸದ್ದು ತಡೆಯುತ್ತದೆ ಅಂದುಕೊಂಡರೆ ತಪ್ಪು. ತೆರೆದ ನಾಲ್ಕನೇ ಕಡೆಯಿಂದ ಬಂದದ್ದು ಒಳಗೇ ಸುತ್ತುತ್ತದೆ. ಆದರೆ ಇದಕ್ಕಿಂತ ಕೆಟ್ಟದ್ದು ಪಕ್ಕದಲ್ಲೇ ನಿಂತ ಶೀತಲ ಲಾರಿ. ಅದರ ಕಂಪ್ರೆಸರ್ ಇಪ್ಪತ್ತು ನಿಮಿಷಕ್ಕೊಮ್ಮೆ ಶುರುವಾಗಿ ನಿಲ್ಲುತ್ತದೆ. ಒಂದೇ ಸಮನೆ ಬರುವ ಸದ್ದಿಗೆ ಕಿವಿ ಒಗ್ಗುತ್ತದೆ, ಬಂದು-ನಿಲ್ಲುವ ಸದ್ದಿಗೆ ಒಗ್ಗುವುದಿಲ್ಲ. ಅದರ ಹೊಗೆ ಕಿಟಕಿಗೆ ಬಡಿಯುವಂತಿದ್ದರೆ ಜಾಗ ಬದಲಿಸಲೇಬೇಕು. ಹೊಗೆಯಲ್ಲಿರುವ ವಿಷಾನಿಲ ಕಾರ್ಬನ್ ಮೊನಾಕ್ಸೈಡಿಗೆ ವಾಸನೆ ಇಲ್ಲ. ಅದರ ಅಲಾರಂ ಮಲಗುವ ಎತ್ತರದಲ್ಲಿರಬೇಕು. ಎಲ್‌ಪಿಜಿ ಗಾಳಿಗಿಂತ ಭಾರ, ಅದರ ಅಲಾರಂ ನೆಲದಿಂದ ಒಂದು ಗೇಣಿನ ಎತ್ತರದಲ್ಲಿ. 5 ಕೆ.ಜಿ. ಸಿಲಿಂಡರಿನ ರೆಗ್ಯುಲೇಟರ್ ರಾತ್ರಿ ಬಂದ್.

ನೀರು. ಅಂಗಳದ ನಲ್ಲಿ ಬೋರಿನದು. ನೀರಿನಲ್ಲಿ ಕರಗಿದ ಲವಣ ಅಳೆಯುವ ಟಿಡಿಎಸ್ ಮೀಟರ್ 1150 (ಲೀಟರಿಗೆ ಮಿ.ಗ್ರಾಂ.) ತೋರಿಸಿತು. ಕುಡಿಯುವ ನೀರಿನ ಭಾರತೀಯ ಮಾನಕದಲ್ಲಿ 500 ಒಳ್ಳೆಯದು, ಬೇರೆ ಮೂಲವಿಲ್ಲದಿದ್ದರೆ 2000ದವರೆಗೆ ಸಹಿಸಬಹುದು ಎಂದಿದೆ, ಹಾಗಾಗಿ 1150 ವಿಷವೇನಲ್ಲ. ಆದರೆ ಇಂಥ ಗಡಸು ನೀರು ಹೀಟರ್ ಕಾಯಿಲ್ಲಿಗೆ, ಪಂಪಿನ ವಾಲ್ವಿಗೆ ಸುಣ್ಣ ಬಳಿಯುತ್ತದೆ. ಕೈಕಾಲಿಗೆ, ಪಾತ್ರೆಗೆ ಮಾತ್ರ 30 ಲೀಟರ್ ಹಿಡಿದು, ಕುಡಿಯಲು 20 ಲೀಟರಿನ ಕ್ಯಾನ್ ತಂದರೆ ಮುಗಿಯಿತು. ಹೇಮಾವತಿ ನೀರು ಬರುವ ನಲ್ಲಿ ಸಿಕ್ಕರೆ ಟ್ಯಾಂಕ್ ತುಂಬಿಸಿ. ಪೈಪು ನಿಮ್ಮದೇ ಇರಲಿ, ಅಂಗಳದ ಹಸಿರು ಪೈಪು ಕಾರು ತೊಳೆಯಲಿಕ್ಕೆ. ಟ್ಯಾಂಕ್ ನಾರಿದರೆ ಶೇ 5ರ ಸೋಡಿಯಂ ಹೈಪೋಕ್ಲೋರೈಟ್ 100 ಮಿ.ಲೀ. ಅನ್ನು 100 ಲೀಟರಿಗೆ ಹಾಕಿ, ಎಲ್ಲ ನಲ್ಲಿಗಳಲ್ಲೂ ವಾಸನೆ ಬರುವತನಕ ಹರಿಸಿ, ನಾಲ್ಕು ಗಂಟೆ ಬಿಟ್ಟು ಪೂರ್ತಿ ಚೆಲ್ಲಬೇಕು.

ಚೆಲ್ಲುವುದೆಲ್ಲಿ? ಊರೊಳಗಿನ ನಿಲುಗಡೆ ನಿಜವಾಗಿ ಸೋಲುವುದು ಇಲ್ಲಿ. ಮಳೆನೀರಿನ ಚರಂಡಿಗೆ ಕ್ಯಾಸೆಟ್ ಸುರಿಯುವುದು ಹೊಲಸು ಕೆಲಸ, ಆ ಚರಂಡಿ ಕೊನೆಗೆ ಯಾವುದೋ ಕೆರೆಗೇ ಹೋಗುತ್ತದೆ. ಲಾಡ್ಜಿನಲ್ಲಿ ಅತಿ ಅಗ್ಗದ ಒಂದು ರೂಮನ್ನೂ ಸೇರಿಸಿ ತೆಗೆದುಕೊಳ್ಳುವುದು ನಾನು ಕಂಡುಕೊಂಡ ದಾರಿ. ಮಲಗಲು ಅಲ್ಲ, ಅದರ ಕಮೋಡಿಗೆ ಕ್ಯಾಸೆಟ್, ಬಚ್ಚಲಿಗೆ ಬಳಸಿದ ನೀರು, ಬೆಳಗ್ಗೆ ಸ್ನಾನವೂ ಅಲ್ಲೇ. ನೆಲಮಹಡಿಯ ರೂಮೇ ಕೇಳಬೇಕು, ತುಂಬಿದ ಕ್ಯಾಸೆಟ್ 20 ಕೆ.ಜಿ. ಮೀರುತ್ತದೆ, ಮೆಟ್ಟಿಲ ಮೇಲೆ ತುಳುಕಿದರೆ ಸಂಬಂಧ ಅಲ್ಲಿಗೆ ಕಡಿದಂತೆ. ಫಾರ್ಮಾಲ್ಡಿಹೈಡ್ ಇರುವ ದ್ರಾವಣ ಹಾಕಿದ ಕ್ಯಾಸೆಟ್ಟನ್ನು ಸೆಪ್ಟಿಕ್ ಟ್ಯಾಂಕಿಗೆ ಬಿಡಬಾರದು, ಅಲ್ಲಿ ಕೆಲಸ ಮಾಡುವ ಬ್ಯಾಕ್ಟೀರಿಯಾ ಸಾಯುತ್ತದೆ.

ಹಾಗಾದರೆ ತುಮಕೂರಿನಲ್ಲಿ ಎಲ್ಲಿ? ಅಮಾನಿಕೆರೆ ದಂಡೆ ನೋಡಲು ಚೆಂದ, ಸೊಳ್ಳೆಗೂ ಚೆಂದ. ದೇವರಾಯನದುರ್ಗ, ನಾಮದ ಚಿಲುಮೆ ಕಡೆ ಕಾಡಂಚಿಗೆ ನಿಲ್ಲಿಸುವ ಯೋಚನೆ ಬೇಡ. ಅದು ಅರಣ್ಯ ಇಲಾಖೆಯ ಜಾಗ, ಚಿರತೆ-ಕರಡಿಗಳ ಓಡಾಟವೂ ಇದೆ. ಹೆದ್ದಾರಿ ಬದಿಯ ಪೆಟ್ರೋಲ್ ಬಂಕಿನಲ್ಲಿ ಕೇಳಿದರೆ ಬಿಡುತ್ತಾರೆ, ಅಲ್ಲಿ ಒಲೆ ಹಚ್ಚುವಂತಿಲ್ಲ, ಲಾರಿಗಳ ಸದ್ದು ತಪ್ಪಿದ್ದಲ್ಲ. ನನ್ನ ಮೊದಲ ಆಯ್ಕೆ ಈಗ ಊರ ಅಂಚಿನ ಕಲ್ಯಾಣ ಮಂಟಪ. ದೊಡ್ಡ ಅಂಗಳ, ಅಡುಗೆಮನೆಗೆಂದು ಎಳೆದ ಮೂರು ಫೇಸಿನ ದಪ್ಪ ಲೈನು, ಸಾಲು ಟಾಯ್ಲೆಟ್, ಎತ್ತರದ ಗೇಟು. ಆಷಾಢದಲ್ಲಿ, ಧನುರ್ಮಾಸದಲ್ಲಿ ಪೂರ್ತಿ ಖಾಲಿ, ಮಿಕ್ಕ ತಿಂಗಳಲ್ಲೂ ಮುಹೂರ್ತವಿಲ್ಲದ ದಿನ ಮ್ಯಾನೇಜರ್ ಖುಷಿಯಿಂದಲೇ ಒಪ್ಪುತ್ತಾರೆ. ಕ್ಯಾಲೆಂಡರ್ ನೋಡಿಕೊಂಡೇ ಕೇಳಬೇಕು: ಮರುದಿನ ಮದುವೆ ಇದ್ದರೆ ಹಿಂದಿನ ರಾತ್ರಿಯೇ ಅಡುಗೆ ಭಟ್ಟರು ಇಳಿಯುತ್ತಾರೆ, ನಾಲ್ಕಕ್ಕೆ ಜನರೇಟರ್, ಐದಕ್ಕೆ ವಾದ್ಯ. ಶಿವರಾತ್ರಿ ಹೊತ್ತಿನ ಸಿದ್ಧಗಂಗೆ ಜಾತ್ರೆಯ ದಿನಗಳಲ್ಲಂತೂ ಕ್ಯಾತ್ಸಂದ್ರದ ಕಡೆ ದೊಡ್ಡ ಗಾಡಿ ತಿರುಗಿಸುವ ಸಾಹಸ ಬೇಡ.

ನಿಲ್ಲಿಸುವಾಗ ಮೂತಿ ಗೇಟಿನ ಕಡೆಗೇ ಇರಬೇಕು. ಲಾಡ್ಜಿನ ಅಂಗಳ ರಾತ್ರಿ ಹನ್ನೊಂದಕ್ಕೆ ತುಂಬುತ್ತದೆ, ಬೆಳಗ್ಗೆ ಐದಕ್ಕೆ ಹೊರಡುವವರ ಹಿಂದೆ ಒಂದು ಕಾರು ಅಡ್ಡ ನಿಂತಿರುತ್ತದೆ, ಅದರ ಕೀಲಿ ಮೂರನೇ ಮಹಡಿಯಲ್ಲಿ ನಿದ್ದೆ ಮಾಡುತ್ತಿರುತ್ತದೆ. ಒಳದಾರಿಗಳಲ್ಲಿ ಕೇಬಲ್ ಟಿವಿ ವೈರುಗಳು 3 ಮೀಟರಿಗೂ ಕೆಳಗೆ ಜೋತಿರುತ್ತವೆ. ಹಗಲಲ್ಲೇ ನಡೆದು ನೋಡಿಕೊಳ್ಳಿ, 3.2 ಮೀಟರ್‌ಗೆ ಕತ್ತರಿಸಿದ ಪಿವಿಸಿ ಪೈಪು ಹಿಡಿದು ಹೋದರೆ ಊಹೆ ಬೇಕಿಲ್ಲ.

ಹೊರಡುವಾಗ ಮೊದಲು ಒಳಗಿನ ಎಂಸಿಬಿ ಇಳಿಸಿ, ಆಮೇಲೆ ಪ್ಲಗ್ ಕೀಳಬೇಕು, ಭಾರವಿರುವಾಗ ಕಿತ್ತರೆ ಪಿನ್ನಿನ ತುದಿ ಕಿಡಿಗೆ ಕರಗುತ್ತದೆ. ಆ ಬೆಳಗ್ಗೆ ಪ್ಲಗ್ ಟಾಪ್ ಬಿಚ್ಚಿ ನೋಡಿದರೆ ನ್ಯೂಟ್ರಲ್ ಪಿನ್ನಿನ ಬುಡದ ಪ್ಲಾಸ್ಟಿಕ್ ಕಂದು ತಿರುಗಿತ್ತು, ಸ್ಕ್ರೂ ಕೆಳಗಿನ ತಾಮ್ರದ ಎಳೆಗಳು ಕಪ್ಪಾಗಿದ್ದವು. ಕಪ್ಪಾದ ಎರಡು ಸೆಂ.ಮೀ. ಕತ್ತರಿಸಿ, ಎಳೆಗಳಿಗೆ ಲಗ್ (ಲೋಹದ ತುದಿ) ಒತ್ತಿ, ಹೊಸ 16 ಆಂಪ್ ಪ್ಲಗ್ ಟಾಪ್ ಹಾಕಿಯೇ ಮುಂದಿನ ಊರಿನ ಸಾಕೆಟ್ ಮುಟ್ಟಿದ್ದು.